ಹುಟ್ಟೂರು ನೀರಿನೊಳಗೆ, ಹೆಸರು ಪಟ್ಟಿಯೊಳಗೆ

ಮತದಾರರಾಗಲು ಪೌರತ್ವದ ಪುರಾವೆ ಬೇಕೆ? ಬೇಕಾದರೆ ಅದನ್ನು ಒದಗಿಸಬೇಕಾದವರು ಯಾರು?

ಹೊಸಪೇಟೆಯಿಂದ ಮರಿಯಮ್ಮನಹಳ್ಳಿಯ ಕಡೆಗೆ ಹೊರಟ ಪ್ರಯಾಣಿಕನಿಗೆ ತುಂಗಭದ್ರಾ ಜಲಾಶಯದ ವಿಸ್ತಾರವಾದ ನೀರು ಆಗಾಗ ಕಣ್ಣಿಗೆ ಬೀಳುತ್ತದೆ. ನೋಡಿದವರು ‘ಎಷ್ಟು ಚೆಂದ!’ ಎನ್ನುವರು. ಆದರೆ ಆ ನೀರಿನ ಕೆಳಗೆ ಸುಮಾರು 90 ಹಳ್ಳಿಗಳು ಮಲಗಿವೆಯೆಂಬುದು ಎಲ್ಲರ ನೆನಪಿಗೂ ಬರುವುದಿಲ್ಲ. 1945ರ ಫೆಬ್ರವರಿಯಲ್ಲಿ ಈ ಅಣೆಕಟ್ಟಿನ ಅಸ್ತಿಭಾರವಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಈ ನಡುವೆ ಐವತ್ತು ಸಾವಿರಕ್ಕೂ ಮಿಕ್ಕಿ ಜನರು ಮನೆ, ಹೊಲ, ಗುಡಿಗಳನ್ನು ಬಿಟ್ಟು ಮೇಲಿನ ನೆಲಕ್ಕೆ ಬಂದು ನೆಲಸಿದರು. ನಾರಾಯಣದೇವರ ಕೆರೆ ಮುಳುಗಿತು. ಅಲ್ಲಿಯ ಜನರಿಂದ ಮರಿಯಮ್ಮನಹಳ್ಳಿ ಬೆಳೆಯಿತು.

ಅಂತಹ ಒಂದು ಮುಳುಗಡೆಯ ಊರಿನಲ್ಲಿ ಹುಟ್ಟಿದ ವೃದ್ಧೆಯೊಬ್ಬಳನ್ನು ನಾವು ಕಲ್ಪಿಸಿಕೊಳ್ಳೋಣ. ಮತದಾರರ ಪಟ್ಟಿಯ ಕೆಲಸಕ್ಕೆಂದು ಅಂಗನವಾಡಿಯ ಶಿಕ್ಷಕಿಯೊಬ್ಬಳು ಕಾಗದದ ಕಟ್ಟನ್ನು ಹಿಡಿದು ಆಕೆಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಳೆ.

‘ಅಜ್ಜೀ, ನೀವು ಹುಟ್ಟಿದ ಊರು ಯಾವುದು?’

‘ಅದು ಈಗ ನೀರಾಗ ಐತಿ, ಯವ್ವಾ.’

‘ಹುಟ್ಟಿದ ತಾರೀಖು?’

‘ಡ್ಯಾಮಿನ ನೀರು ಬರೋಕಿಂತ ನಾಕು ವರ್ಷ ಮುಂಚೆ ಅಂತ ನಮ್ಮವ್ವ ಹೇಳ್ತಿದ್ಲು.’

‘ಅದಕ್ಕೆ ಏನಾದರೂ ಕಾಗದ ಇದೆಯೇ?’

ಅಜ್ಜಿ ನಗುತ್ತಾಳೆ. 1971ರ ಲೋಕಸಭಾ ಚುನಾವಣೆಯಿಂದ ಮೊದಲುಗೊಂಡು ಒಂದು ಸಲವೂ ತಪ್ಪದೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡವಳು ಆಕೆ. ಆಕೆಗೆ ಇಷ್ಟು ಕಾಲವೂ ಯಾರೂ ಕೇಳದೆ ಇದ್ದ ಪ್ರಶ್ನೆ ಇದು.

ಈ ಸಂಭಾಷಣೆ ಕಲ್ಪಿತ; ಆದರೆ ಇದರ ಹಿಂದಿರುವ ಪ್ರಶ್ನೆ ಕಲ್ಪಿತವಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳುವ ಪ್ರತಿಯೊಬ್ಬನೂ ತಾನು ಭಾರತದ ಪೌರನೆಂಬುದಕ್ಕೆ ಕಾಗದದ ಪುರಾವೆಯನ್ನು ಒಪ್ಪಿಸಬೇಕೇ ಎಂಬ ವಾದವು 2025ರಿಂದ ದೇಶದಲ್ಲೆಲ್ಲ ಬಿಸಿಯಾಗಿ ನಡೆದಿದೆ. ಇದರ ಒಳಹೊರಗನ್ನು ಅರಿಯಲು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೆ ದೊರೆಯಲಾರದು.

ಕಾನೂನು ಏನು ಹೇಳುತ್ತದೆ?

ಮೊದಲಿಗೇ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಿಕೊಳ್ಳುವುದು ಒಳಿತು. ಪೌರರಲ್ಲದವರಿಗೆ ಮತ ಕೊಡಬೇಕೆಂದು ಈ ವಾದದಲ್ಲಿ ಯಾರೂ ಕೇಳುತ್ತಿಲ್ಲ. ನಮ್ಮ ಸಂವಿಧಾನದ 326ನೆಯ ಅನುಚ್ಛೇದವು ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ಮತದ ಹಕ್ಕನ್ನು ಭಾರತದ ಪೌರರಿಗೆ ಮಾತ್ರವೇ ಕೊಟ್ಟಿದೆ. ಆಗ 21 ಇದ್ದ ವಯಸ್ಸಿನ ಮಿತಿಯು 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಪೌರತ್ವದ ನಿಬಂಧನೆ ಮಾತ್ರ ಹಾಗೆಯೇ ಉಳಿಯಿತು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 16ನೆಯ ಪ್ರಕರಣವೂ ಪೌರನಲ್ಲದವನ ಹೆಸರು ಪಟ್ಟಿಯಲ್ಲಿರಕೂಡದೆಂದು ಹೇಳುತ್ತದೆ. 19ನೆಯ ಪ್ರಕರಣದಂತೆ ಆತನು ಆ ಕ್ಷೇತ್ರದ ಸಾಮಾನ್ಯ ನಿವಾಸಿಯೂ ಆಗಿರಬೇಕು.

ಹಾಗಾದರೆ ವಾದ ಯಾವುದರ ಬಗೆಗೆ? ಪುರಾವೆಯ ಬಗೆಗೆ. ಬಹುಕಾಲದಿಂದ ನಡೆದು ಬಂದ ಪದ್ಧತಿಯಲ್ಲಿ ಹೊಸದಾಗಿ ಹೆಸರು ಸೇರಿಸಬಯಸುವವನು ನಮೂನೆ 6ನ್ನು ತುಂಬಿ, ವಯಸ್ಸಿಗೂ ವಾಸಸ್ಥಳಕ್ಕೂ ದಾಖಲೆ ಕೊಟ್ಟು, ‘ನಾನು ಭಾರತದ ಪೌರನು’ ಎಂದು ಘೋಷಿಸಿ ರುಜು ಹಾಕಿದರೆ ಸಾಕಾಗುತ್ತಿತ್ತು. ಘೋಷಣೆ ಸುಳ್ಳಾದರೆ 31ನೆಯ ಪ್ರಕರಣದಂತೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಉಂಟು. ‘ಈತ ಪೌರನಲ್ಲ’ ಎಂದು ಯಾರಾದರೂ ಆಕ್ಷೇಪಿಸಿದರೆ ಆಗ ವಿಚಾರಣೆ ನಡೆಯುತ್ತಿತ್ತು. ಎಂದರೆ ಸರಕಾರವು ಪ್ರಜೆಯ ಮಾತನ್ನು ಮೊದಲು ನಂಬುತ್ತಿತ್ತು. ಸಂಶಯವು ನಂತರದ ಮಾತು. ಮೊದಲು ಸಂಶಯ, ನಂತರ ನಂಬಿಕೆ ಎಂದು ಕ್ರಮವನ್ನು ತಿರುಗಿಸಬೇಕೇ ಎಂಬುದೇ ಈಗಿನ ಪ್ರಶ್ನೆ.

ಊರು ಕದಲಲಿಲ್ಲ, ರಾಜ್ಯ ಕದಲಿತು

ಕಾಗದದ ಪುರಾವೆಯೆಂದರೆ ಪಟ್ಟಣದ ವಿದ್ಯಾವಂತ ಕುಟುಂಬಕ್ಕೆ ಅಷ್ಟೇನೂ ಕಠಿಣವೆನಿಸದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ರಹದಾರಿ ಪತ್ರ, ನೌಕರಿಯ ಕಾಗದ—ಯಾವುದಾದರೊಂದು ಬೀರುವಿನಲ್ಲಿ ಇದ್ದೇ ಇರುತ್ತದೆ. ಆದರೆ ಈ ಸೀಮೆಯ ಹಿರಿಯರ ಕಾಗದಗಳ ಕಥೆಯೇ ಬೇರೆ.

1947ರ ಆಗಸ್ಟ್‌ನಲ್ಲಿ ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದುವು. ಬೆಟ್ಟಗಳ ನಡುವಿನ ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಹಂಪೆಯಿಂದ ಹರಿಗೋಲಿನಲ್ಲಿ ನದಿ ದಾಟಿದರೆ ಸಿಗುವ ಆನೆಗೊಂದಿಯು ಹೈದರಾಬಾದಿನ ನಿಜಾಮರದು. ಅಲ್ಲಿ ಉರ್ದುವೇ ಆಡಳಿತದ ಭಾಷೆ. ಒಂದು ಹಗಲಿನ ಪಯಣದೊಳಗೆ ಮೂರು ಸರಕಾರಗಳು! ಹೆಣ್ಣು ಕೊಡುವ, ತರುವ ಸಂಬಂಧಗಳಿಗೆ ಈ ಗಡಿಗಳಾವುವೂ ಅಡ್ಡಿಯಾಗಿರಲಿಲ್ಲ. ಆನೆಗೊಂದಿ, ಗಂಗಾವತಿಗಳ ಕಡೆಯ ಮಗಳು ಕಂಪ್ಲಿಗೆ ಸೊಸೆಯಾಗಿ ಬರುವಳು. ಸಂಡೂರಿನ ಮಗಳು ಹೊಸಪೇಟೆಗೆ ಬರುವಳು. ಅವರು ತಂದದ್ದು ಸೀರೆ, ಪಾತ್ರೆ, ಹಾಡುಗಳನ್ನೇ ಹೊರತು ಜನನದ ಪ್ರಮಾಣಪತ್ರವನ್ನಲ್ಲ.

ಅನಂತರ 1948ರಲ್ಲಿ ಹೈದರಾಬಾದು ಭಾರತದೊಳಗೆ ಬಂದಿತು. 1949ರಲ್ಲಿ ಸಂಡೂರು ಮದರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರಿಗೆ ಸೇರಿದುವು. 1956ರಲ್ಲಿ ನದಿಯ ಆಚೆಯ ದಡವೂ ಅದೇ ರಾಜ್ಯಕ್ಕೆ ಬಂದಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 2021ರಲ್ಲಿ ಹೊಸಪೇಟೆ, ಹಂಪೆಗಳು ಹೊಸ ವಿಜಯನಗರ ಜಿಲ್ಲೆಗೆ ಹೋದುವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಮನೆಯ ಹೊಸ್ತಿಲನ್ನು ದಾಟದೆಯೇ ಇಲ್ಲಿಯ ಮನುಷ್ಯನೊಬ್ಬನು ಇಷ್ಟೊಂದು ಸರಕಾರಗಳ ದಫ್ತರಗಳನ್ನು ದಾಟಿ ಬಂದಿದ್ದಾನೆ. ಒಂದು ದಫ್ತರ ಇಂಗ್ಲಿಷಿನಲ್ಲಿ, ಇನ್ನೊಂದು ತೆಲುಗಿನಲ್ಲಿ, ಮತ್ತೊಂದು ಉರ್ದುವಿನಲ್ಲಿ. ಅವುಗಳಲ್ಲಿ ಒಂದೇ ಹೆಸರು ಮೂರು ಬಗೆಯಾಗಿದ್ದರೆ ಅದು ಆತನ ತಪ್ಪೇ?

ಇನ್ನೂ ಒಂದು ಸಂಗತಿಯುಂಟು. ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆಯಾದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಯ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೂಸಿನ ದಿನವನ್ನು ನೆನಪಿಡುತ್ತಿದ್ದುದು ತಾಯಿಯೇ. ಅವಳ ಪಂಚಾಂಗದಲ್ಲಿದ್ದದ್ದು ‘ಬರ ಬಿದ್ದ ವರ್ಷ’, ‘ಹಂಪೆಯ ತೇರಿನ ಮಾರನೆಯ ದಿನ’ ಎಂಬಂತಹ ಗುರುತುಗಳು. ಕಾಯಿದೆ ಬಂದ ಮೇಲೂ ತಾಂಡಾ, ಹಟ್ಟಿಗಳಿಗೆ ಅದು ಮುಟ್ಟಲು ಬಹಳ ಕಾಲ ಹಿಡಿಯಿತು. ಸಂಡೂರಿನ ಕಸೂತಿಗೆ ಜಗತ್ತಿನಲ್ಲಿ ಹೆಸರು ತಂದ ಲಂಬಾಣಿ ಹೆಂಗಸರಲ್ಲಿ ಹಿರಿಯರಾದ ಎಷ್ಟೋ ಮಂದಿಗೆ ಹುಟ್ಟುಹಬ್ಬವೆಂಬುದು ಇಲ್ಲ. ಕಬ್ಬು ಕಡಿಯಲು ದೂರದ ಊರುಗಳಿಗೆ ಹೋಗುವ ಕುಟುಂಬಗಳಲ್ಲಿ ಮಗು ಎಲ್ಲಿ ಹುಟ್ಟಿತೆಂಬುದೂ ಆ ವರ್ಷದ ಕೂಲಿ ಎಲ್ಲಿ ದೊರೆಯಿತೆಂಬುದನ್ನು ಅವಲಂಬಿಸಿದೆ.

ಮೊದಲನೆಯ ಪಟ್ಟಿ ಹೇಗಾಯಿತು?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈ ಸಮಸ್ಯೆ ಇನ್ನೂ ನೂರ್ಮಡಿಯಾಗಿತ್ತು. ಸಂವಿಧಾನವು ಇನ್ನೂ ಪೂರ್ಣವಾಗಿ ರಚನೆಯಾಗಿರಲಿಲ್ಲ. ಪೌರತ್ವದ ಕಲಮುಗಳು ಇನ್ನೂ ಚರ್ಚೆಯಲ್ಲಿದ್ದುವು. ಆಗಲೇ, 1948ರಲ್ಲಿಯೇ, ಸಂವಿಧಾನ ಸಭೆಯ ಕಾರ್ಯಾಲಯವು ವಯಸ್ಕರೆಲ್ಲರ ಕರಡು ಪಟ್ಟಿಯನ್ನು ಸಿದ್ಧಪಡಿಸಲು ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆ ಕೊಟ್ಟಿತು. ದೇಶ ವಿಭಜನೆಯಿಂದ ಲಕ್ಷಾಂತರ ನಿರಾಶ್ರಿತರು ಮನೆಯಿಲ್ಲದೆ, ಕಾಗದವಿಲ್ಲದೆ ಬಂದಿದ್ದರು. ಅವರನ್ನು ಬಿಡುವುದೋ, ಸೇರಿಸುವುದೋ? ತಾವು ಇಂತಹ ಊರಿನಲ್ಲಿ ಖಾಯಂ ಆಗಿ ನೆಲಸಲು ಉದ್ದೇಶಿಸಿದ್ದೇವೆಂದು ಅವರು ಘೋಷಿಸಿದರೆ ಅಷ್ಟರ ಮೇಲೆಯೇ ಕರಡಿನಲ್ಲಿ ಹೆಸರು ಬರೆದುಕೊಳ್ಳಬೇಕೆಂದು ಆಗಿನವರು ತೀರ್ಮಾನಿಸಿದರು. ದೇಶವೇ ಒಡೆದು ರಕ್ತ ಹರಿದಿದ್ದ ಕಾಲದಲ್ಲಿ ಕೈಗೊಂಡ ನಿರ್ಧಾರವಿದು!

ಹಾಗೆಂದು ಅವರು ಪಟ್ಟಿಯ ಶುದ್ಧಿಯನ್ನು ಅಲಕ್ಷಿಸಲಿಲ್ಲ. ಉತ್ತರದ ಹಲವೆಡೆ ಹೆಂಗಸರು ಪರರಿಗೆ ಹೆಸರು ಹೇಳಲು ಸಂಕೋಚಪಟ್ಟು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಯಿಸಿದ್ದರು. ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಹೆಸರು ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಟ್ಟ ಮೇಲೂ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. 1951-52ರ ಮೊದಲ ಮಹಾಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಮಿಕ್ಕಿದ ಮತದಾರರಿದ್ದರು. ಆಗ ಮದರಾಸು ರಾಜ್ಯದಲ್ಲಿದ್ದ ಹೊಸಪೇಟೆ, ಕಂಪ್ಲಿ, ಸಂಡೂರಿನವರೂ ಅವರೊಳಗೆ ಸೇರಿದ್ದರು. ನೀರಿನ ಕೆಳಗೆ ಹೋಗಲಿದ್ದ ಹಳ್ಳಿಗಳಲ್ಲಿ ಬಹುಶಃ ಅದೇ ಕೊನೆಯ ಮತದಾನವಾಗಿರಬೇಕು.

ಬಿಹಾರದಲ್ಲಿ ಎದ್ದ ಗಾಳಿ

ಸಂಡೂರು ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ, ಗಣಿಗಳ ಸುತ್ತ, ಉತ್ತರ ಭಾರತದ ಕೂಲಿಕಾರರು ಅನೇಕರಿದ್ದಾರೆ. 2025ರ ಬೇಸಿಗೆ ಕಳೆಯುತ್ತಿದ್ದಂತೆ, ಅವರಲ್ಲಿ ಬಿಹಾರದವರಿಗೆ ಮನೆಯಿಂದ ಫೋನಿನ ಕರೆಗಳು ಬಂದಿರಬೇಕು. ಏಕೆಂದರೆ ಆ ವರ್ಷದ ಜೂನ್ 24ರಂದು ಚುನಾವಣಾ ಆಯೋಗವು ಬಿಹಾರದ ಮತದಾರರ ಪಟ್ಟಿಯ ‘ವಿಶೇಷ ತೀವ್ರ ಪರಿಷ್ಕರಣೆ’ಗೆ ಆಜ್ಞೆ ಮಾಡಿತು. ಇಡೀ ದೇಶದಲ್ಲಿ ಇದನ್ನು ನಡೆಸುವ ಉದ್ದೇಶವನ್ನೂ ಆಗಲೇ ತಿಳಿಸಿತು.

ಅದರ ನಿಯಮ ಹೀಗಿತ್ತು. 2003ರ ಪಟ್ಟಿಯಲ್ಲಿ ಹೆಸರಿದ್ದವರು ಅದನ್ನೇ ತೋರಿಸಿದರೆ ಸಾಕು. ಉಳಿದವರಲ್ಲಿ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರು ತಮ್ಮ ಜನನದ ಬಗೆಗೆ ದಾಖಲೆ ಕೊಡಬೇಕು. ಅಲ್ಲಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರು ತಂದೆತಾಯಿಗಳಲ್ಲಿ ಒಬ್ಬರದನ್ನೂ ಸೇರಿಸಬೇಕು. ಆಮೇಲೆ ಹುಟ್ಟಿದವರು ಇಬ್ಬರದನ್ನೂ ಒದಗಿಸಬೇಕು. ಈ ತಾರೀಖುಗಳು ಆಯೋಗದ ಕಲ್ಪನೆಯಲ್ಲ. 1955ರ ಪೌರತ್ವ ಕಾಯಿದೆಗೆ ಆಗಾಗ ಬಂದ ತಿದ್ದುಪಡಿಗಳಿಂದ ಹುಟ್ಟಿದವು. ಆಯೋಗವು 11 ಬಗೆಯ ದಾಖಲೆಗಳನ್ನು ಹೆಸರಿಸಿತು: ಜನನ ಪ್ರಮಾಣಪತ್ರ, ರಹದಾರಿ, ಶಾಲೆಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕಿನ ಪತ್ರ, ಸರಕಾರವು ಭೂಮಿ ಅಥವಾ ಮನೆಯನ್ನು ಹಂಚಿಕೊಟ್ಟ ಪತ್ರ ಇತ್ಯಾದಿ. ಬಡವರ ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ಪಡಿತರ ಚೀಟಿಯಾಗಲಿ, ಆಧಾರ್ ಆಗಲಿ, ಆಯೋಗವೇ ಕೊಟ್ಟ ಮತದಾರರ ಗುರುತಿನ ಚೀಟಿಯಾಗಲಿ ಅದರಲ್ಲಿರಲಿಲ್ಲ.

ಆಗಸ್ಟ್ 1ರಂದು ಕರಡು ಪಟ್ಟಿ ಹೊರಬಿದ್ದಾಗ ಮೊದಲಿದ್ದ 7.89 ಕೋಟಿ ಹೆಸರುಗಳಲ್ಲಿ 65 ಲಕ್ಷ ಕಾಣೆಯಾಗಿದ್ದುವು. ಸುಮಾರು 22 ಲಕ್ಷ ಮಂದಿ ಮೃತರು, 36 ಲಕ್ಷ ಮಂದಿ ಊರು ಬಿಟ್ಟವರು ಅಥವಾ ಸಿಗದವರು, 7 ಲಕ್ಷ ಎರಡೆರಡು ಕಡೆ ಇದ್ದವರು ಎಂದು ಆಯೋಗ ವಿವರಿಸಿತು. ವಿಷಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬಿಟ್ಟುಹೋದ ಹೆಸರುಗಳನ್ನು ಕಾರಣಸಹಿತವಾಗಿ ಪ್ರಕಟಿಸಬೇಕೆಂದು ಆಗಸ್ಟ್ 14ರಂದೂ, ಆಧಾರವನ್ನು 12ನೆಯ ದಾಖಲೆಯಾಗಿ ಒಪ್ಪಬೇಕೆಂದು ಸೆಪ್ಟೆಂಬರ್ 8ರಂದೂ ನ್ಯಾಯಾಲಯವು ಆಜ್ಞಾಪಿಸಿತು. ಆಧಾರ್ ಗುರುತಿಗೆ ಪುರಾವೆ, ಪೌರತ್ವಕ್ಕಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. 2016ರ ಆಧಾರ್ ಕಾಯಿದೆಯೇ ಹಾಗೆ ಹೇಳುತ್ತದೆ; 182 ದಿನ ಇಲ್ಲಿ ನೆಲಸಿದ ಪರದೇಶಿಗೂ ಆ ಸಂಖ್ಯೆ ದೊರೆಯಬಹುದು. ಸೆಪ್ಟೆಂಬರ್ 30ರ ಕೊನೆಯ ಪಟ್ಟಿಯಲ್ಲಿ 7.42 ಕೋಟಿ ಹೆಸರುಗಳು ಉಳಿದುವು.

ಅಕ್ಟೋಬರ್ 27ರಂದು ಎರಡನೆಯ ಹಂತಕ್ಕೆ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಹೆಸರು ಹೊರಬಂದಿತು. ಆ ಹಂತದಲ್ಲಿ ಕರ್ನಾಟಕವಿರಲಿಲ್ಲ. ಆದರೆ ನೆರೆಯ ಕೇರಳ, ಗೋವಾ, ತಮಿಳುನಾಡುಗಳಿದ್ದುವು. ಹೀಗಾಗಿ ಕಾಸರಗೋಡಿನ ಕನ್ನಡ ಮನೆಗಳವರು ನಮಗಿಂತ ಮೊದಲೇ ಹಳೆಯ ಪಟ್ಟಿಯನ್ನು ಹುಡುಕಬೇಕಾಯಿತು.

ಎರಡು ಪಕ್ಷಗಳ ಮಾತು

ಪುರಾವೆ ಬೇಕೆನ್ನುವವರ ವಾದವನ್ನು ಹಗುರವಾಗಿ ಕಾಣಲಾಗದು. ಮತವೆಂಬುದು ಪೌರನ ಸೊತ್ತು. ಅಪಾತ್ರನೊಬ್ಬನ ಮತವು ಪಾತ್ರನೊಬ್ಬನ ಮತವನ್ನು ಹೊಡೆದುಹಾಕುತ್ತದೆ. ಕೆಲವೇ ನೂರು ಮತಗಳ ಅಂತರದಲ್ಲಿ ಸೋಲುಗೆಲವು ನಿರ್ಧಾರವಾಗುವ ಕ್ಷೇತ್ರಗಳು ಇದ್ದೇ ಇವೆ. ರಹದಾರಿಗೆ ಪುರಾವೆ ಕೇಳುವ ಸರಕಾರವು, ರಾಜ್ಯವನ್ನೇ ಆಳುವವರನ್ನು ಆರಿಸುವ ಹಕ್ಕಿಗೆ ಬರಿಯ ಘೋಷಣೆಯನ್ನು ನಂಬಿದರೆ ಸಾಕೇ? ಗಡಿ ಪ್ರಾಂತಗಳ ಅಂಜಿಕೆಯೂ ನಿರಾಧಾರವಲ್ಲ. ಸತ್ತವರ ಹೆಸರು ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುವುದನ್ನೂ, ಒಬ್ಬನ ಹೆಸರು ಹುಟ್ಟೂರಿನಲ್ಲೊಂದು, ಗಣಿಯ ಊರಿನಲ್ಲೊಂದು ಇರುವುದನ್ನೂ ನಾವೆಲ್ಲ ಬಲ್ಲೆವು. ಒಬ್ಬನಿಗೆ ಒಂದೇ ಕ್ಷೇತ್ರವೆಂದು ಕಾಯಿದೆ ಹೇಳುತ್ತದೆ. ಶುದ್ಧವಾದ ಪಟ್ಟಿ ಎಲ್ಲ ಪಕ್ಷಗಳಿಗೂ ಬೇಕಾದುದೇ.

ಬೇಡವೆನ್ನುವವರ ವಾದವೂ ಅಷ್ಟೇ ಗಟ್ಟಿಯಾದದ್ದು. ಪುರಾವೆ ಇಲ್ಲದಿರುವುದಕ್ಕೂ ಪೌರತ್ವ ಇಲ್ಲದಿರುವುದಕ್ಕೂ ಅಜಗಜಾಂತರವಿದೆ. ಜನನ ದಾಖಲೆಯನ್ನು ಇಡಬೇಕಾದದ್ದು ಸರಕಾರ. ಇಡದೆ ಹೋದುದಕ್ಕೆ ಶಿಕ್ಷೆ ಪ್ರಜೆಗೇ? ಈ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಶಾಲೆ ಕಾಣದವರು, ಭೂಮಿಯಿಲ್ಲದವರು, ಅಲೆಮಾರಿಗಳು, ಮದುವೆಯಾಗಿ ಊರೂ ಹೆಸರೂ ಬದಲಾದ ಹೆಂಗಸರು—ಇವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ತವರಿನ ಇನಿಷಿಯಲ್ ಒಂದು, ಗಂಡನ ಮನೆಯದು ಇನ್ನೊಂದು; ಈ ತೊಡಕು ಪಟ್ಟಣದ ಗೃಹಿಣಿಗೂ ಹೊಸದಲ್ಲ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ನೋವಿದೆ. ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಅದಕ್ಕೆ ಬಲಿಯಾದ ತಾಯಂದಿರೂ ಅವರ ಮಕ್ಕಳೂ ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ಇಂದಿಗೂ ಇದ್ದಾರೆ. ‘ತಂದೆಯ ಹೆಸರು’ ಎಂಬ ಅಂಕಣವೇ ಆ ಮಕ್ಕಳಿಗೆ ಒಂದು ಗಾಯ. 2004ರ ತರುವಾಯ ಹುಟ್ಟಿದ ಅಂತಹ ಮಗಳೊಬ್ಬಳನ್ನು ‘ತಂದೆತಾಯಿಗಳಿಬ್ಬರ ದಾಖಲೆ ತಾ’ ಎಂದು ಕೇಳಿದರೆ ಆಕೆ ಏನು ತಂದಾಳು?

ಇನ್ನು ಅಣೆಕಟ್ಟಿನ ಅಜ್ಜಿಯ ಸ್ಥಿತಿಯನ್ನು ನೋಡಿ. ಮುಳುಗಡೆಯವರಿಗೆ ಸರಕಾರ ನಿವೇಶನ ಕೊಟ್ಟ ಪತ್ರ ದಾಖಲೆಯಾಗಿ ಸಲ್ಲುತ್ತದೆ, ನಿಜ. ಆದರೆ ಆಗ ಆಕೆ ನಾಲ್ಕು ವರ್ಷದ ಮಗು. ಪತ್ರವಾದದ್ದು ತಂದೆಯ ಹೆಸರಿನಲ್ಲಿ. ಅದು ಈಗ ಅಣ್ಣನ ಮಕ್ಕಳ ಪೆಟ್ಟಿಗೆಯಲ್ಲಿದೆಯೋ, ಗೆದ್ದಲಿನ ಹೊಟ್ಟೆಯಲ್ಲಿದೆಯೋ! ಹಂಪೆಯಲ್ಲಿಯೂ 2011ರಲ್ಲಿ ತೇರುಬೀದಿಯ ಸಾಲುಮಂಟಪಗಳಲ್ಲಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ ಪಟ್ಟಿಯಲ್ಲಿದ್ದ ಮನೆಯ ಸಂಖ್ಯೆಗಳಿಗೆ ಮನೆಗಳೇ ಇಲ್ಲವಾದುವು. ಮನುಷ್ಯರು ಉಳಿದರು, ವಿಳಾಸ ಅಳಿಯಿತು.

ನ್ಯಾಯಾಲಯಗಳು ಕಂಡ ದಾರಿ

ಈ ಜಿಜ್ಞಾಸೆ ಹೊಸದಲ್ಲ. ದಿಲ್ಲಿ, ಮುಂಬಯಿಗಳ ಕೆಲವು ಬಡಾವಣೆಗಳ ಮತದಾರರಿಗೆ ಪೌರತ್ವ ರುಜುವಾತುಪಡಿಸಬೇಕೆಂಬ ನೋಟೀಸುಗಳು ಹೋದಾಗ, ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ನ್ಯಾಯದ ಮಾರ್ಗವನ್ನು ತೋರಿಸಿತು. ಹಿಂದಿನ ಪಟ್ಟಿಯಲ್ಲಿ ಹೆಸರಿದ್ದರೆ ಅಧಿಕಾರಿಯು ವಿಚಾರಿಸಿಯೇ ಅದನ್ನು ಸೇರಿಸಿದನೆಂದು ಭಾವಿಸಬೇಕು. ತೆಗೆದುಹಾಕುವ ಮುನ್ನ ಸಂಶಯಕ್ಕೆ ಕಾರಣವೇನೆಂದು ತಿಳಿಸಿ, ಆತನ ಮಾತನ್ನು ಕೇಳಿ, ಆತ ಕೊಡುವ ಎಲ್ಲ ಬಗೆಯ ಸಾಕ್ಷ್ಯವನ್ನೂ ಪರಿಶೀಲಿಸಬೇಕು ಎಂಬುದು ಅದರ ಸಾರ.

ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಒಂದು ತೀರ್ಪೂ ಸ್ಮರಣೀಯ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ 1960ರ ದಶಕದಿಂದ ಟಿಬೇಟಿನ ನಿರಾಶ್ರಿತರು ನೆಲಸಿರುವುದು ವಾಚಕರಿಗೆ ಗೊತ್ತೇ ಇದೆ. ಭಾರತದಲ್ಲಿ 1987ರ ಜುಲೈಗೆ ಮೊದಲು ಹುಟ್ಟಿದವನು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪೌರನೆಂಬ ಕಾಯಿದೆಯ ಮಾತನ್ನು ಲಿಂಗ್ ರಿಂಪೋಚೆಯವರ ಅರ್ಜಿಯ ಮೇಲೆ 2013ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗವೂ ಅಂತಹವರನ್ನು ಪಟ್ಟಿಗೆ ಸೇರಿಸಿಕೊಳ್ಳಲು ನಿರ್ದೇಶಿಸಿತು.

ಇದಕ್ಕೆ ಎದುರಾದ ಚಿತ್ರ ಕಂಪ್ಲಿಯಿಂದ ಬಹಳ ದೂರವೇನೂ ಇಲ್ಲದ ಸಿಂಧನೂರಿನದು. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಅಲ್ಲಿಯ ಕ್ಯಾಂಪುಗಳಲ್ಲಿ ದಶಕಗಳಿಂದ ಉತ್ತು, ಬಿತ್ತಿ ಬಾಳುತ್ತಿದ್ದಾರೆ. ಅವರಲ್ಲಿ ಕೆಲವರಿಗೆ 2019ರ ಪೌರತ್ವ ತಿದ್ದುಪಡಿ ಕಾಯಿದೆಯ ಮೇರೆಗೆ ಪೌರತ್ವದ ಪತ್ರ ಕೈಸೇರಿದ್ದು 2024ರಲ್ಲಿ. ಬಾಳಿದ್ದು ಒಂದು, ಕಾಗದವಾದದ್ದು ಇನ್ನೊಂದು. ಎರಡೂ ಜತೆಜತೆಯಾಗಿ ನಡೆಯುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಅಸ್ಸಾಮಿನ ಅನುಭವವು ಇನ್ನೂ ಗಂಭೀರವಾದುದು. ಅಲ್ಲಿ ಮನೆಮನೆಯವರಿಂದಲೂ ವಂಶಾವಳಿಯ ಕಾಗದಗಳನ್ನು ತರಿಸಿ 2019ರ ಆಗಸ್ಟ್ 31ರಂದು ಪೌರರ ಪಟ್ಟಿಯನ್ನು ಪ್ರಕಟಿಸಿದಾಗ ಸುಮಾರು 3.3 ಕೋಟಿ ಅರ್ಜಿದಾರರಲ್ಲಿ 19,06,657 ಮಂದಿ ಹೊರಗುಳಿದರು.

ಸಾಗರದ ಆಚೆಗೆ

ಅಮೆರಿಕದಲ್ಲಿಯೂ ಇದೇ ವಾದ ನಡೆದಿದೆ. ಅಲ್ಲಿಯ ಅರಿಜೋನಾ ಸಂಸ್ಥಾನದ ಜನರು 2004ರಲ್ಲಿ ಮತದ ಮೂಲಕವೇ ಪೌರತ್ವದ ಪುರಾವೆಯ ನಿಯಮವನ್ನು ತಂದರು. ಕಾನ್ಸಸ್ ಸಂಸ್ಥಾನದಲ್ಲಿ ಅಂತಹ ನಿಯಮ 2013ರಲ್ಲಿ ಜಾರಿಗೆ ಬಂದು 31,089 ಅರ್ಜಿದಾರರು ತಡೆಹಿಡಿಯಲ್ಪಟ್ಟರು. 2018ರಲ್ಲಿ ನ್ಯಾಯಾಲಯವು ಸಾಕ್ಷ್ಯಗಳನ್ನು ತೂಗಿ ನೋಡಿದಾಗ, 19 ವರ್ಷಗಳಲ್ಲಿ ಪಟ್ಟಿಗೆ ನುಸುಳಿದ ಪೌರೇತರರು ಹೆಚ್ಚೆಂದರೆ 39 ಎಂದು ಕಂಡು, ನಿಯಮವನ್ನು ರದ್ದುಗೊಳಿಸಿತು. ಆದರೂ ವಾದ ನಿಂತಿಲ್ಲ. ದೇಶಕ್ಕೆಲ್ಲ ಅನ್ವಯಿಸುವಂತಹ ಮಸೂದೆಯೊಂದು 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು. ಅವರ ಲೆಕ್ಕವನ್ನು ನಮ್ಮ ನೆಲಕ್ಕೆ ಹಾಗೆಯೇ ತರುವಂತಿಲ್ಲ. ನಮ್ಮ ಗಡಿಗಳೇ ಬೇರೆ. ಆದರೆ ಕಳ್ಳನನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಮನೆಯವರೆಷ್ಟು ಮಂದಿ ಸಿಕ್ಕಿಕೊಂಡರೆಂದು ಎಣಿಸುವ ಅಭ್ಯಾಸವನ್ನು ಅವರಿಂದ ಕಲಿಯಬಹುದು.

ಮಧ್ಯದ ಮಾರ್ಗ

ಹಾಗಾದರೆ ದಾರಿ ಯಾವುದು? ಪಟ್ಟಿ ಶುದ್ಧವಾಗಿರಲೇಬೇಕು, ಆದರೆ ಶುದ್ಧಿಯ ಶ್ರಮವನ್ನು ಬಲವುಳ್ಳವನು ಹೊರಬೇಕು. ಹಳೆಯ ಮತದಾರರ ಪಟ್ಟಿಗಳು, ಮುಳುಗಡೆಯ ಪುನರ್ವಸತಿಯ ಕಡತಗಳು, ಶಾಲೆಯ ದಾಖಲಾತಿ ಪುಸ್ತಕಗಳು, ಪಹಣಿಗಳು—ಇವೆಲ್ಲ ಇರುವುದು ಸರಕಾರದ ಕೋಣೆಗಳಲ್ಲಿಯೇ. ಎಪ್ಪತ್ತಾರು ವರ್ಷದ ಅಜ್ಜಿಯು ಹೊಸಪೇಟೆಯ ಕಚೇರಿಗೆ ಬಸ್ಸು ಹತ್ತಿ ಬರುವುದಕ್ಕೆ ಮೊದಲು ಅಧಿಕಾರಿಯು ಕಪಾಟಿನ ಬಾಗಿಲು ತೆರೆದು ನೋಡುವುದು ನ್ಯಾಯ. ಎರಡನೆಯ ಹಂತದ ಪರಿಷ್ಕರಣೆಯಲ್ಲಿ ಹಳೆಯ ಪಟ್ಟಿಯಲ್ಲಿ ತನ್ನ ಅಥವಾ ಬಂಧುವಿನ ಹೆಸರನ್ನು ಗುರುತಿಸಿದವರಿಗೆ ಕಾಗದದ ಹೊರೆ ಕಡಿಮೆಯಾದದ್ದು ಈ ದಿಕ್ಕಿನ ಹೆಜ್ಜೆಯೇ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಮತದಾರರ ಪಟ್ಟಿಗೂ ಸಾಕೆಂಬ ನಿಯಮ ಬಂದಿದೆ. ಆ ಮಕ್ಕಳು 18 ತುಂಬಿ ಮತಗಟ್ಟೆಗೆ ಬರುವ ಕಾಲಕ್ಕೆ ಈ ವಾದವೇ ತಣ್ಣಗಾಗಬಹುದು. ಅಲ್ಲಿಯವರೆಗೆ ಹಳೆಯ ಕಾಲದಲ್ಲಿ ಹುಟ್ಟಿದವರೊಡನೆ ತಾಳ್ಮೆಯಿಂದ ನಡೆದುಕೊಳ್ಳಬೇಕಾದುದು ರಾಷ್ಟ್ರದ ಧರ್ಮ.

ನಾವು, ಓದುಬರಹ ಬಲ್ಲ ಪಟ್ಟಣಿಗರು, ಸುಮ್ಮನಿರಬಾರದು. ಕರಡು ಪಟ್ಟಿ ಹೊರಬಿದ್ದಾಗ ಮನೆಮಂದಿಯ ಹೆಸರುಗಳನ್ನು ನೋಡಿಕೊಳ್ಳಬೇಕು. ಸತ್ತ ಹಿರಿಯರ ಹೆಸರನ್ನು ನಮೂನೆ 7ರಿಂದ ತೆಗೆಸಬೇಕು. ತಪ್ಪು ತಿದ್ದಲು, ಮನೆ ಬದಲಾಯಿಸಿದ್ದನ್ನು ತಿಳಿಸಲು ನಮೂನೆ 8 ಉಂಟು. ಹೆಸರು ಬಿಟ್ಟುಹೋದರೆ ಜಿಲ್ಲಾಧಿಕಾರಿಗಳಿಗೂ, ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೂ ಮೇಲ್ಮನವಿ ಮಾಡಬಹುದು. ಮನೆಗೆಲಸಕ್ಕೆ ಬರುವ ಹೆಂಗಸಿಗೆ, ತೋಟದ ಕೂಲಿಯವನಿಗೆ ಒಂದು ನಮೂನೆ ತುಂಬಿಕೊಟ್ಟರೆ ನಮ್ಮ ಗಂಟೇನೂ ಹೋಗದು.

ಇತ್ತ ಮರಿಯಮ್ಮನಹಳ್ಳಿಯ ಕಟ್ಟೆಯ ಮೇಲೆ ಶಿಕ್ಷಕಿ ಇನ್ನೂ ಕುಳಿತಿದ್ದಾಳೆ. ಓಣಿಯ ಮಂದಿ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ‘ನಮ್ಮಪ್ಪನ ಜೋಡಿ ಒಂದೇ ಬಂಡ್ಯಾಗ ಬಂದೋಳು ಈಕಿ’ ಎಂದು ಮುದುಕನೊಬ್ಬನು ಹೇಳುತ್ತಾನೆ. ಶಿಕ್ಷಕಿಯ ನಮೂನೆಯಲ್ಲಿ ಆ ಬಂಡಿಗೆ ಅಂಕಣವಿಲ್ಲ. ಆಕೆ ಲೇಖನಿಯ ಮುಚ್ಚಳವನ್ನು ಹಾಕಿ, ಯೋಚಿಸಿ, ಹಳೆಯ ಪಟ್ಟಿಯ ಹಾಳೆಗಳನ್ನು ಮತ್ತೊಮ್ಮೆ ಮೊದಲಿನಿಂದ ತಿರುವತೊಡಗುತ್ತಾಳೆ. ಅಜ್ಜಿಯ ಹೆಸರು ಅಲ್ಲಿ ದೊರೆಯಲೆಂದು ಹಾರೈಸೋಣ. ದೊರೆಯದಿದ್ದರೆ, ಆ ಮುದುಕನ ಮಾತನ್ನು ಕೇಳುವಷ್ಟು ವ್ಯವಧಾನ ಮೇಲಿನ ಅಧಿಕಾರಿಗೆ ಇರಲೆಂದು ಹಾರೈಸೋಣ.